ಅತ್ತೆಯ ಕೈಯಿಂದ ತೆಗೆದುಕೊಂಡ ಹಿಟ್ಟು

ನನ್ನ ಅತ್ತೆಯ ಬಲಗೈಯನ್ನು ಕೆಡಿಸಿದ್ದು ಲಕ್ವಾ ಒಂದೇ ಅಲ್ಲ — ನಾನೂ ಕೆಡಿಸಿದೆ. ಲಕ್ವಾ ಒಂದು ಬೆಳಿಗ್ಗೆ ಬಂದು ತನ್ನ ಕೆಲಸ ಮುಗಿಸಿ ಹೋಯಿತು. ಉಳಿದದ್ದನ್ನು ನಾನು ತಿಂಗಳುಗಟ್ಟಲೆ, ದಿನಕ್ಕೆ ಮೂರು ಹೊತ್ತು, ನಗುನಗುತ್ತ ಮಾಡಿದೆ. ಹಡಗಲಿಯ ನಮ್ಮ ಓಣಿಯಲ್ಲಿ ಒಳ್ಳೆಯ ಸೊಸೆ ಯಾರು ಎಂದರೆ ಇವತ್ತಿಗೂ ನನ್ನ ಹೆಸರು ಹೇಳುತ್ತಾರೆ. ಆ ಹೆಸರು ಸುಳ್ಳು.

ಅತ್ತೆ ಗೌರಮ್ಮ ಗಟ್ಟಿ ಹೆಂಗಸು. ಜೋಳದ ರೊಟ್ಟಿ ತಟ್ಟಲು ಕೂತರೆ ಪಕ್ಕದ ಮನೆಯವರಿಗೂ ಲೆಕ್ಕ ಸಿಗುವಂತೆ ಸದ್ದು ಬರುತ್ತಿತ್ತು. ನಾನು ಮದುವೆಯಾಗಿ ಬಂದು ಹನ್ನೊಂದು ವರ್ಷವಾಗಿದ್ದರೂ ಒಲೆಯ ಮುಂದಿನ ಮಣೆ ಅವರದೇ. ನೆಂಟರು ಬಂದಾಗಲಂತೂ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. "ನೀ ತಟ್ಟಿದ ರೊಟ್ಟಿ ನೋಡಿದ್ರ ನಾಯಿನೂ ಒಂದು ಗಳಿಗಿ ಯೋಚನಿ ಮಾಡ್ತತಿ" ಎಂದು ಎಲ್ಲರೆದುರು ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಒಂದೊಂದನ್ನೂ ಎತ್ತಿ ಇಟ್ಟುಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ, ಅದೇ ಮಣೆಯ ಮೇಲೆ ಕೂತಿದ್ದಾಗ ಅವರ ಬಾಯಿ ವಾರೆಯಾಯಿತು, ಬಲಗೈ ಜೋತುಬಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಮನೆಗೆ ಬಂದಾಗ ಬಲಗಾಲು ಎಳೆಯುತ್ತಿತ್ತು, ಬಲಗೈಯಲ್ಲಿ ಸತ್ವ ಇರಲಿಲ್ಲ. ಮಾತು ತೊದಲು — ದಿನವಿಡೀ ಜೊತೆಗಿರುತ್ತಿದ್ದ ನನಗಷ್ಟೇ ಸರಿಯಾಗಿ ಅರ್ಥವಾಗುತ್ತಿತ್ತು. ಈ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬುಧವಾರಕ್ಕೊಮ್ಮೆ ಹರಪನಹಳ್ಳಿಯಿಂದ ಬಸ್ಸಿನಲ್ಲಿ ಒಬ್ಬ ಹುಡುಗಿ ಬರುತ್ತಿದ್ದಳು. ಫಿಜಿಯೋಥೆರಪಿ ಎಂಬುದು ನಮ್ಮ ನಾಲಿಗೆಗೆ ಹತ್ತಲಿಲ್ಲ, ಓಣಿಯವರು "ಕಸರತ್ತಿನ ಡಾಕ್ಟ್ರು" ಅಂದರು. ಮಾತ್ರೆ ಇಲ್ಲ, ಸೂಜಿ ಇಲ್ಲ, ಇವಳೆಂಥ ಡಾಕ್ಟರು ಎಂದು ನಾನೂ ಆಡಿಕೊಂಡೆ. ಅವಳು ಮಂಚದಿಂದ ಏಳುವುದನ್ನೇ ಹೊಸದಾಗಿ ಕಲಿಸಿದಳು — ಎರಡೂ ಪಾದ ಊರಬೇಕು, ಮೈ ಮುಂದಕ್ಕೆ ಬಾಗಬೇಕು, ಆಮೇಲೆ ಏಳಬೇಕು. ಗೋಡೆ ಹಿಡಿದು ನಡೆಸಿದಳು. ನನ್ನ ಗಂಡ ಅಂಗಡಿಗೆ ಹೋಗುವ ಮೊದಲು ದಿನಾ ಅಂಗಳದಲ್ಲಿ ತಾಯಿಯನ್ನು ಹತ್ತು ಸುತ್ತು ನಡೆಸುತ್ತಿದ್ದರು. ಕಾಲು ಅವರ ಪಾಲಿಗೆ ಬಂತು, ಕೈ ನನ್ನ ಪಾಲಿಗೆ.

ಕೈಯ ವಿಷಯದಲ್ಲಿ ಆ ಹುಡುಗಿ ಹೇಳಿದ್ದು ಒಂದೇ ಮಾತು. "ನೀವು ತಿನ್ನಿಸಬೇಡಿ ಅಮ್ಮ. ಅವರ ಕೈಯಿಂದ್ಲೇ ತಿನ್ಲಿ, ಚೆಲ್ಲಿದ್ರೆ ಚೆಲ್ಲಲಿ. ಆ ಕೈ ಬಳಸ್ತಾ ಇದ್ರೇನೇ ಮಿದುಳು ಅದನ್ನ ಮತ್ತೆ ಕಲಿಯೋದು." ರಬ್ಬರ್ ಚೆಂಡು ಅಂದಳು, ಸಿಗಲಿಲ್ಲ. ಹಾಗಾದರೆ ಜೋಳದ ಹಿಟ್ಟನ್ನೇ ನಾದಿ ಒಂದು ಉಂಡೆ ಕೊಡಿ, ಹಿಚುಕಲಿ ಅಂದಳು.

ಮೊದಲ ವಾರ ಹಾಗೆಯೇ ಮಾಡಿದೆ. ತಟ್ಟೆ ಇಟ್ಟು ಎದುರು ಕೂತೆ. ತುತ್ತು ಬಾಯಿಯ ತನಕ ಹೋಗುತ್ತಿರಲಿಲ್ಲ, ಸೆರಗೆಲ್ಲ ಸಾರು. ಎಡಗೈಯಲ್ಲಿ ಉಣ್ಣಲು ಅವರು ಸುತರಾಂ ಒಪ್ಪಲಿಲ್ಲ. ಆಗಲೇ ಮಾತಾಡಿಸಲು ಬಂದ ಪಕ್ಕದ ಮನೆಯ ಬಸಮ್ಮ ಬಾಗಿಲಲ್ಲೇ ನಿಂತು, "ಎಲಾ ಇವ್ವನ! ಮುದುಕಿ ಬಾಯಿಗೆ ತುತ್ತು ಹೋಗವಲ್ದು, ಸೊಸಿ ನೋಡ್ಕೋತ ಕುಂತಾಳ" ಅಂದಳು. ನನ್ನ ಮುಖ ಉರಿದುಹೋಯಿತು. ಅವಳೆದುರೇ ರೊಟ್ಟಿ ಮುರಿದು, ಪಲ್ಯಕ್ಕೆ ಅದ್ದಿ, ಅತ್ತೆಯ ಬಾಯಿಗಿಟ್ಟೆ. ಮಾರನೆಯ ದಿನದಿಂದ ಓಣಿಯ ಮಾತು ಬದಲಾಯಿತು — ಸೊಸಿ ಅಂದ್ರ ಹಿಂಗಿರಬೇಕು. ಆ ಮಾತು ನನಗೆ ಎಷ್ಟು ರುಚಿಸಿತು ಎಂದರೆ… ಮೂರು ಹೊತ್ತೂ ತಿನ್ನಿಸತೊಡಗಿದೆ. ಹಿಟ್ಟಿನ ಉಂಡೆಯನ್ನು ಮಾತ್ರ ನಡುನಡುವೆ ಕೊಡುತ್ತಿದ್ದೆ.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ತಪ್ಪು ಎನ್ನಬಹುದಿತ್ತು. ಇಷ್ಟೇ ಅಲ್ಲ.

ಎರಡನೆಯ ತಿಂಗಳ ಒಂದು ಮಧ್ಯಾಹ್ನ. ನಾನು ಒಲೆಯ ಮುಂದಿದ್ದೆ, ಅವರು ಗೋಡೆಗೊರಗಿ ಹಿಟ್ಟು ಹಿಚುಕುತ್ತಿದ್ದರು. ತಟ್, ತಟ್ ಎಂದಿತು. ತಿರುಗಿದೆ. ಮಡಚಿಕೊಂಡಿರುತ್ತಿದ್ದ ಬೆರಳು ನಾಲ್ಕೂ ಬಿಚ್ಚಿದ್ದವು. ಉಂಡೆಯನ್ನು ತಟ್ಟೆಗೆ ಹಾಕಿ ಅಂಗೈಯಿಂದ ತಟ್ಟುತ್ತಿದ್ದರು — ನಿಧಾನಕ್ಕೆ, ಸೊಟ್ಟಗೆ, ಆದರೆ ತಟ್ಟುತ್ತಿದ್ದರು. "ಲೇ ನೀಲಾ! ನೋಡ್ಲೇ… ಬಂತು ನೋಡ್ಲೇ ಕೈ!" ತೊದಲಿನಲ್ಲೇ ಕೂಗಿದರು, ಕಣ್ಣಲ್ಲಿ ನೀರು. ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಅಷ್ಟು ಪ್ರೀತಿಯಿಂದ ಕರೆದದ್ದು ಅದೇ ಮೊದಲು.

ನನಗೆ ಸಂತೋಷವಾಗಲಿಲ್ಲ. ಭಯವಾಯಿತು. ಮಣೆ ಹೋಯಿತು ಅನ್ನಿಸಿತು. ಎರಡು ತಿಂಗಳಿಂದ ನೆಂಟರು ನನ್ನ ರೊಟ್ಟಿ ತಿನ್ನುತ್ತಿದ್ದರು, ನನ್ನ ಗಂಡ ಉಪ್ಪು ಹೆಚ್ಚಾದರೂ ಸುಮ್ಮನಿರುತ್ತಿದ್ದರು… ಮೇಲೆದ್ದು ಹೋಗಿ ಆ ಹಿಟ್ಟನ್ನು ಅವರ ಕೈಯ ಕೆಳಗಿನಿಂದ ತೆಗೆದುಕೊಂಡೆ. "ಸಾಕು ಬಿಡ್ರಿ ಅತ್ತಿ, ದಣಿವಾಗ್ತತಿ" ಅಂದೆ. ಒಳಗಿಟ್ಟುಬಿಟ್ಟೆ. ಗಂಡನಿಗೆ ಹೇಳಲಿಲ್ಲ. ಸಂಜೆ ಅತ್ತೆ ಅವರೆದುರು ಕೈ ಎತ್ತಿ ತೋರಿಸಲು ಹೋದಾಗ ಬೆರಳು ಬಿಚ್ಚಲಿಲ್ಲ — ದಣಿದಿದ್ದವೋ ಏನೋ.

ಬುಧವಾರ ಆ ಹುಡುಗಿ ಬಂದಳು. ಅತ್ತೆ ಅವಳ ಕೈ ಹಿಡಿದು, "ಹಿಟ್ಟು… ಕೈ… ಹಿಟ್ಟು…" ಎಂದು ಆತುರಾತುರವಾಗಿ ಏನೇನೋ ಅಂದರು. ಅವಳಿಗೆ ತಿಳಿಯಲಿಲ್ಲ. ನನ್ನ ಕಡೆ ತಿರುಗಿ, "ಏನಂತಾರೆ ಅಮ್ಮ?" ಅಂದಳು.

"ಹಿಟ್ಟು ಹಿಚುಕಿದ್ರ ಕೈ ಭಾಳ ನೋಯ್ತತಿ ಅಂತಾರ್ರಿ" ಅಂದೆ.

ಅತ್ತೆ ನನ್ನನ್ನು ನೋಡಿದರು. ಹಿಡಿದಿದ್ದ ಹುಡುಗಿಯ ಕೈಯನ್ನು ಬಿಟ್ಟರು. ಹುಡುಗಿ ಪಾಪ, ನಂಬಿದಳು. ನೋವಿದ್ದರೆ ಸ್ವಲ್ಪ ದಿನ ಬಿಡಿ, ನೀವೇ ಮೆಲ್ಲಗೆ ಬೆರಳು ಬಿಡಿಸುತ್ತಿರಿ ಅಂದಳು. ನಾನು ಅದನ್ನೂ ಮಾಡಲಿಲ್ಲ. ತಿಂಗಳಾದ ಮೇಲೆ ಗಂಡನಿಗೆ, "ಆ ಹುಡುಗಿ ಬಂದ್ರ ಅತ್ತಿ ಅಳ್ತಾರ, ಯಾಕ ಸುಮ್ನ ಹಿಂಸಿ" ಅಂದೆ. ಅವಳು ಬರುವುದು ನಿಂತಿತು.

ಕಾಲು ಬಂತು. ಅತ್ತೆ ಕೋಲು ಹಿಡಿದು ಗುಡಿಯ ತನಕ ಹೋಗಿಬರುತ್ತಿದ್ದರು. ಕೈ ಮುಷ್ಟಿಯಾಗಿ ಬಿಗಿದುಕೊಂಡಿತು. ಉಗುರು ಅಂಗೈಗೆ ಚುಚ್ಚದಿರಲೆಂದು ಒಳಗೆ ಬಟ್ಟೆಯ ಸುರುಳಿ ಇಡುತ್ತಿದ್ದೆ, ಅದನ್ನು ನೋಡಿಯೂ ಜನ ನನ್ನನ್ನು ಹೊಗಳಿದರು. ಮಾತು ತಿಳಿಯಾಗುವ ಹೊತ್ತಿಗೆ ಬೆರಳುಗಳು ಯಾರು ಬಿಡಿಸಿದರೂ ಬಿಚ್ಚದಂತಾಗಿದ್ದವು. ಆಗಲಾದರೂ ಅವರು ಮಗನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಊಟ ಇಡುವವಳು ನಾನೇ ಅಲ್ಲವೇ…

ಒಮ್ಮೆ ಮಾತ್ರ ಅಂದರು. ನನ್ನ ನಾದಿನಿ ಸರೋಜ ಕೊಟ್ಟೂರಿನಿಂದ ಬಂದಿದ್ದಳು. ನಾನು ತುತ್ತು ಇಡುತ್ತಿದ್ದುದನ್ನು ನೋಡಿ ಅವಳ ಕಣ್ಣು ತುಂಬಿತು. "ಯವ್ವಾ, ಅತ್ತಿಗಿ ಹೆಂಗ ನೋಡ್ಕೋತಾಳ ನೋಡು" ಅಂದಳು. ಅತ್ತೆ ಅಗಿಯುವುದನ್ನು ನಿಲ್ಲಿಸಿ, "ಹೌದವ್ವ, ನನ್ನ ಕೈ ಈಕಿ ಹತ್ರಾನೇ ಐತಿ" ಅಂದರು. ಸರೋಜ ಆ ಮಾತನ್ನು ಊರೆಲ್ಲ ಹೇಳಿಕೊಂಡು ಬಂದಳು. ಲಕ್ವಾ ಹೊಡೆದ ನಾಲ್ಕು ವರ್ಷಕ್ಕೆ ಅತ್ತೆ ತೀರಿಕೊಂಡಾಗ ಅಳುತ್ತಲೂ ಅದನ್ನೇ ಹೇಳಿದಳು.

ಎರಡು ತಿಂಗಳ ಹಿಂದೆ ಸರೋಜ ಬಚ್ಚಲಲ್ಲಿ ಜಾರಿ ಬಿದ್ದು ಬಲ ಮುಂಗೈ ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳು ಬಾತು ಸೆಟೆದಿದ್ದವು. ಫೋನು ಮಾಡಿ, "ನಮ್ಮವ್ವನ್ನ ನೋಡ್ಕೊಂಡಂಗ ನನ್ನೂ ಸ್ವಲ್ಪ ದಿನ ನೋಡ್ಕ ಬಾ ಅತ್ತಿಗಿ" ಅಂದಳು. ಕೊಟ್ಟೂರಿನ ಬಸ್ಸಿನಲ್ಲಿ ಕೂತಿದ್ದಷ್ಟು ಹೊತ್ತೂ ಆ ಒಂದು ಮಾತು ನನ್ನನ್ನು ತಿಂದುಹಾಕಿತು.

ಊಟಕ್ಕೆ ಕೂತೆವು. ಅವಳು ಬಾಯಿ ತೆರೆದಳು — ತಾಯಿಯ ಹಾಗೆಯೇ. ನಾನು ತಟ್ಟೆಯನ್ನು ಅವಳ ಮುಂದೆ ಸರಿಸಿ ಕೈ ಹಿಂದಕ್ಕೆ ತೆಗೆದುಕೊಂಡೆ.

"ಏನತ್ತಿಗಿ, ಅವ್ವಗ ನಾಕು ವರ್ಷ ತಿನಿಸೀದಿ, ನನಗ ನಾಕು ದಿನ ಆಗಂಗಿಲ್ಲೇನು?" ಎಂದು ನಕ್ಕಳು.

ಹೇಳಿದೆ. ಹಿಟ್ಟು, ಬುಧವಾರ, ನಾನು ತಿರುಚಿದ ಮಾತು — ಇಲ್ಲಿ ಬರೆದ ಅಷ್ಟನ್ನೂ. ಕಸರತ್ತು ಮಾಡಿಸಿದ್ದರೂ ಆ ಕೈ ಪೂರ್ತಿ ಬರುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. ಅದು ನನಗೆ ಆಸರೆ ಆಗಬಾರದು.

ಸರೋಜ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಕೇಳಿದಳು: "ಅವ್ವಗ ಗೊತ್ತಿತ್ತೇನು?"

"ಗೊತ್ತಿತ್ತು."

"ಅಂದ್ರ ಆವತ್ತು ನನ್ನ ಮುಂದ ಅಂದಿದ್ದು —" ಎಂದವಳೇ ಸೆಟೆದ ಬೆರಳುಗಳಿಂದ ರೊಟ್ಟಿ ಹಿಡಿದಳು. ಜಾರಿತು, ಮತ್ತೆ ಹಿಡಿದಳು. ನೋವಿಗೆ ಹಲ್ಲು ಕಚ್ಚಿದಳು. ನನ್ನ ಕೈ ಎರಡು ಸಲ ತಾನಾಗಿ ಮುಂದೆ ಹೋಯಿತು, ಎರಡು ಸಲವೂ ಹಿಂದಕ್ಕೆ ಎಳೆದುಕೊಂಡೆ. ಒಂದು ರೊಟ್ಟಿ ಮುಗಿಸಲು ಅವಳಿಗೆ ಮುಕ್ಕಾಲು ತಾಸು ಹಿಡಿಯಿತು, ನನ್ನ ಮುಖ ನೋಡಲಿಲ್ಲ.

ಇರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾನು ಇದ್ದೇನೆ. ದಿನಕ್ಕೆ ಮೂರು ಸಲ ಜೋಳದ ಹಿಟ್ಟು ನಾದಿ ಅವಳ ಮುಂದಿಟ್ಟು, ದೂರ ಕೂರುತ್ತೇನೆ.