ಎಲ್ಲಾ ಕಡೆ ಒಂದೇ ಥರ

ಕಂಪ್ಯೂಟರಿಗೆ ಕುಂಕುಮ ಇಡುವುದನ್ನು ಕಂಡರೆ ಈಗ ನನಗೆ ಮೈ ಉರಿಯುತ್ತದೆ. ದೇವರ ಮೇಲೇನೂ ಸಿಟ್ಟಿಲ್ಲ. ಸಿಟ್ಟು ನನ್ನ ತಮ್ಮನ ಮೇಲೆ, ಅವನು ಆರಿಸಿ ತಂದ ಬಿಟ್ಟಿ ಸಾಫ್ಟ್‌ವೇರಿನ ಮೇಲೆ.

ನಮ್ಮದು ಸ್ಟುಡಿಯೊ ನಡೆಸುವ ಮನೆ. ಅಪ್ಪ ಹೋದ ಮೇಲೆ ಹುಣಸೂರಿನ ಅಂಗಡಿ ನನಗೆ ಬಂತು, ತಮ್ಮ ಪಿರಿಯಾಪಟ್ಟಣದಲ್ಲಿ ಇನ್ನೊಂದು ತೆರೆದ. ಮದುವೆಗಳಲ್ಲಿ ಫೋಟೊ ನನ್ನದು, ವಿಡಿಯೊ ಅವನದು. ಆಲ್ಬಂ ಜೋಡಿಸುವುದು ನನ್ನ ಮನೆಯ ಕಂಪ್ಯೂಟರಿನಲ್ಲಿ. ಹೀಗಾಗಿ ಒಂದೇ ಮದುವೆ ಮೂರು ಕಡೆಯೂ ಬೇಕು. ಮೊದಲೆಲ್ಲ ಹಾರ್ಡ್ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಕೇರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ, ಪಿರಿಯಾಪಟ್ಟಣದ ಸ್ಟ್ಯಾಂಡಿನಲ್ಲಿ ತಮ್ಮ ಇಸಿದುಕೊಳ್ಳುತ್ತಿದ್ದ. ಒಮ್ಮೆ ಕಂಡಕ್ಟರ್ ಮರೆತು, ಒಂದು ಇಡೀ ಮದುವೆ ಮಡಿಕೇರಿ ನೋಡಿಕೊಂಡು ಸಂಜೆ ವಾಪಸ್ ಬಂತು. ಇನ್ನು ಇದಕ್ಕೊಂದು ಸಾಫ್ಟ್‌ವೇರ್ ಹಾಕಲೇಬೇಕು ಎಂದ ತಮ್ಮ. ನಾನೂ ಹೂಂ ಅಂದೆ.

ಹೂಂ ಅಂದವಳು ಸುಮ್ಮನೆ ಕೂರಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ, ಮೈಸೂರಿನ ಕಂಪ್ಯೂಟರ್ ಅಂಗಡಿಯವನ ತಲೆ ತಿಂದೆ. ನನಗೆ ತಿಳಿದದ್ದು ಇಷ್ಟು. ಒಂದು ಜಾತಿಯ ಸಾಫ್ಟ್‌ವೇರ್ ಎಲ್ಲ ಕಂಪ್ಯೂಟರುಗಳನ್ನೂ ಒಂದೇ ಸಮ ಇಡುತ್ತದೆ, ಇಲ್ಲಿ ಹಾಕಿದ್ದು ಅಲ್ಲೂ ಬರುತ್ತದೆ. ಇನ್ನೊಂದು ಜಾತಿಯದು ಪ್ರತಿಯನ್ನು ಬೇರೆ ಕಡೆ ತೆಗೆದಿಡುತ್ತದೆ, ನಾವು ಅಳಿಸಿದರೂ ಅದು ಬಿಟ್ಟುಕೊಡುವುದಿಲ್ಲ. ಎರಡೂ ಬೇರೆ ಬೇರೆ ಕೆಲಸ. ಆದರೆ ಮಾರುವವರು ಎರಡಕ್ಕೂ ಒಂದೇ ಹಾಡು ಹಾಡುತ್ತಾರೆ, ನಿಮ್ಮ ನೆನಪುಗಳು ಭದ್ರ ಅಂತ. ಅಳಿಸಿದರೆ ಏನಾಗುತ್ತದೆ ಎಂದು ನೇರವಾಗಿ ಬರೆದವನು ಒಬ್ಬನೂ ಇಲ್ಲ.

ನಮಗೆ ಎರಡೂ ಬೇಕು ಎಂದೆ. ತಮ್ಮ ಅಷ್ಟು ಹೊತ್ತಿಗೆ ಯಾವುದೋ ವಿಡಿಯೊ ನೋಡಿ ಬಿಟ್ಟಿಯದೊಂದನ್ನು ಮೂರೂ ಕಡೆ ಹಾಕಿ ಆಗಿತ್ತು.

"ಇಲ್ಲಿ ಅಳಿಸಿದ್ರೆ ಅಲ್ಲಿ ಇರ್ತದಾ?" ಎಂದು ಕೇಳಿದೆ.

"ಎಲ್ಲಾ ಕಡೆ ಒಂದೇ ಥರ ಇರ್ತದೆ ಕಣಕ್ಕ. ನೀನ್ ಯಾಕ್ ತಲೆ ಕೆಡಿಸ್ಕತೀಯ ಬುಡು" ಎಂದ.

ನಾನು ಕೇಳಿದ್ದೇನು, ಅವನು ಹೇಳಿದ್ದೇನು! ಮತ್ತೆ ಕೇಳಿದರೆ ಅಕ್ಕನಿಗೆ ಅನುಮಾನದ ರೋಗ ಎಂದು ನಗುತ್ತಾನೆ. ಮೂರು ಕಡೆ ಇರುವಾಗ ಇದು ದಂಡ ಎಂದು ಆ ಹಳೆಯ ಡಿಸ್ಕನ್ನೂ ಖಾಲಿ ಮಾಡಿ ವಿಡಿಯೊ ತುಂಬಿಕೊಂಡ. ಅಳಿಸಿದ್ದನ್ನು ಕೆಲವು ದಿನ ಇಟ್ಟುಕೊಳ್ಳುವ ಸೌಲಭ್ಯ ಆ ಬಿಟ್ಟಿಯದರಲ್ಲೂ ಇತ್ತಂತೆ. ಜಾಗ ತಿನ್ನುತ್ತದೆ ಎಂದು ಅದನ್ನೂ ಆಫ್ ಮಾಡಿಟ್ಟಿದ್ದ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂತರಸಂತೆ ಕಡೆಯ ಹುಡುಗಿಯೊಬ್ಬಳು ನನ್ನ ಅಂಗಡಿಗೆ ಬಂದಳು. ಎಚ್.ಡಿ. ಕೋಟೆಯ ಚೌಟ್ರಿಯಲ್ಲಿ ಹೋದ ಬೇಸಿಗೆ ಅವಳ ಮದುವೆಗೆ ಫೋಟೊ ತೆಗೆದವಳು ನಾನೇ. ಗಂಡು ಪಿರಿಯಾಪಟ್ಟಣದ ಕಡೆಯವನು. ಆಲ್ಬಂಗೆ ಫೋಟೊ ಆರಿಸಲು ಗಂಡ ಹೆಂಡತಿ ಜೊತೆಯಲ್ಲೇ ಬರುತ್ತೇವೆ ಎಂದವರು ಇವತ್ತು ನಾಳೆ ಎಂದು ಮುಂದೂಡಿದ್ದರು. ಈಗ ಒಬ್ಬಳೇ ಬಂದಿದ್ದಳು. ಹಣೆ ಬರಿದಾಗಿತ್ತು.

ಮಳೆಗಾಲದಲ್ಲಿ ಬೈಕು ಜಾರಿ ಗಂಡ ತೀರಿಹೋದನಂತೆ. ಅವನ ಫೋನೂ ಅವನ ಜೊತೆಯಲ್ಲೇ ಪುಡಿಯಾಗಿತ್ತು.

"ನೆಂಟ್ರು ಮೊಬೈಲಲ್ಲಿ ತೆಗ್ದಿರದ್ರಲ್ಲಿ ಅವ್ರ ಮಕ ಜನದ್ ಹಿಂದ್ಕೆ ಹೋಗ್‌ಬುಟ್ಟದೆ ಅಕ್ಕ. ಆಲ್ಬಂ ಬ್ಯಾಡ. ಧಾರೆದು ಒಂದ್ ಫೋಟೊ ಕೊಡಿ" ಎಂದಳು.

ಅವಳನ್ನು ಕೂರಿಸಿ ಕಂಪ್ಯೂಟರ್ ತೆರೆದೆ. ಆ ಬೇಸಿಗೆಯ ಮದುವೆಗಳೆಲ್ಲ ಇದ್ದವು, ಅವಳದು ಇರಲಿಲ್ಲ, ಫೋಟೊವೂ ಇಲ್ಲ, ವಿಡಿಯೊವೂ ಇಲ್ಲ. ಮನೆಗೆ ಓಡಿ ನೋಡಿದೆ, ಅಲ್ಲೂ ಇಲ್ಲ. ತಮ್ಮ ಮಾತು ಉಳಿಸಿಕೊಂಡಿದ್ದ, ಎಲ್ಲಾ ಕಡೆ ಒಂದೇ ಥರ! ಅಂಗಡಿಗೆ ವಾಪಸ್ ಬಂದು, ಹೊರಗೆ ನಿಂತು ಅವನಿಗೆ ಫೋನ್ ಮಾಡಿದೆ.

"ಅದಾ? ಅವ್ನ್ ತಿಥಿ ಫ್ಲೆಕ್ಸು ನಮ್ಮತ್ರನೇ ಮಾಡ್ಸಿದ್ರು ಕಣಕ್ಕ. ಆಗ್ಲೇ ಗೊತ್ತಾಗಿದ್ದು ನಮ್ ಮದ್ವೆ ಗಂಡು ಅಂತ. ಆಯುಧಪೂಜೆಲಿ ಮಿಶಿನ್ ಕಿಲೀನ್ ಮಾಡ್ವಾಗ ತೆಗ್ದಾಕ್ದೆ. ಕೆಟ್ಟೋಗಿರೋ ಮದ್ವೆನ ಒಳಗೆ ಮಡಿಕಂಡು ಮೇಲೆ ಕುಂಕುಮ ಇಕ್ಕದಾ? ವರ್ಷೆಲ್ಲ ಮದ್ವೆ ಕೆಲ್ಸ ಮಾಡೋ ಮಿಶಿನ್ ಅದು."

ಪಿತ್ತ ನೆತ್ತಿಗೇರಿತು. ಬೀದಿ ಎಂಬುದನ್ನೂ ಮರೆತು ಬಾಯಿಗೆ ಬಂದಂತೆ ಬೈದೆ. ಅಪ್ಪನೂ ಸತ್ತವರ ಫೋಟೊವನ್ನು ಮದುವೆ ಫೋಟೊಗಳ ಜೊತೆ ಷೋಕೇಸಿನಲ್ಲಿ ಇಡುತ್ತಿರಲಿಲ್ಲ, ನಿಜ. ಆದರೆ ನೆಗೆಟಿವ್‌ಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲೆ ಇಡುತ್ತಿದ್ದ, ಒಲೆಗೆ ಹಾಕುತ್ತಿರಲಿಲ್ಲ. ಇವನು ಪಿರಿಯಾಪಟ್ಟಣದಲ್ಲಿ ಒಂದು ಗುಂಡಿ ಒತ್ತಿದ, ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಆ ಸಾಫ್ಟ್‌ವೇರ್ ಯಾಕೆ ಏನು ಎಂದು ಕೇಳದೆ ಹುಣಸೂರಿನಲ್ಲೂ ಅಳಿಸಿ ಕೂತಿತು.

"ಯಾಕ್ ಅಂಗಾಡ್ತೀಯಕ್ಕ?" ಎಂದ ತಮ್ಮ. "ಆ ಉಡ್ಗನ ಆಧಾರ್ ಫೋಟೊ ಇದ್ರೆ ಕಳ್ಸು. ಇನ್ಯಾವುದಾದ್ರೂ ಗಂಡಿನ್ ಮೈಗೆ ಅಂಟಿಸ್ಕೊಡ್ತೀನಿ. ನೋಡ್ದೋರ್ಗೆ ಒಂಚೂರೂ ಗೊತ್ತಾಗಕಿಲ್ಲ."

ಫೋನ್ ಕಟ್ ಮಾಡಿದೆ. ಆಮೇಲೆ ಮೂರೂ ಕಂಪ್ಯೂಟರುಗಳನ್ನು ಮೈಸೂರಿಗೆ ಹೊತ್ತು ಅಳಿಸಿದ್ದನ್ನು ತೆಗೆಯುವವರಿಗೆ ಕೊಟ್ಟದ್ದೂ ಆಯಿತು, ಆ ಜಾಗದಲ್ಲಿ ಹೊಸ ಮದುವೆಗಳು ಕೂತಿವೆ ಎಂದು ಅವರು ಕೈಚೆಲ್ಲಿದ್ದೂ ಆಯಿತು. ಈಗ ಕಾಸು ಕೊಟ್ಟು ಸರಿಯಾದ ಬ್ಯಾಕಪ್ ಹಾಕಿಸಿದ್ದೇನೆ, ಅಳಿಸುವ ಅಧಿಕಾರ ತಮ್ಮನಿಗಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆ ಬಾಗಿಲು ಕಂಡಾಗಲೆಲ್ಲ ಸಿಟ್ಟು ಜಾಸ್ತಿಯೇ ಆಗುತ್ತದೆ.

ಅವತ್ತು ಒಳಗೆ ಹೋಗಿ ಹುಡುಗಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳೂ ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಧಾರೆ ಹೊತ್ನಲ್ಲಿ ನಾನು ತಲೆನೇ ಎತ್ನಿಲ್ಲ ಅಕ್ಕ. ಹೆಣ್ಣು ತಲೆ ಎತ್ತಿ ನೋಡ್ಬಾರ್ದು ಅಂತ ನಮ್ಮವ್ವ ಹೇಳಿತ್ತು. ಫೋಟೊದಲ್ಲಿ ನೋಡ್ಕಂಡ್ರಾಯ್ತು ಅಂತ ಸುಮ್ಕಿದ್ದೆ" ಎಂದಳು. ಆಮೇಲೆ ನನ್ನ ಮುಖ ನೋಡಿದಳು. "ನೀವು ಎದುರ್ಗೇ ನಿಂತಿದ್ರಲ್ಲ. ತಾಳಿ ಕಟ್ಟುವಾಗ ಅವ್ರು ನಗ್ತಿದ್ರಾ?"

ಆ ಬೇಸಿಗೆ ಒಂದರ ಹಿಂದೆ ಒಂದು ಮದುವೆ. ತಾಳಿ ಕಟ್ಟುವಾಗ ನನ್ನ ಕಣ್ಣು ಬೆಳಕಿನ ಮೇಲೆ, ಅಡ್ಡ ಬರುವ ಪುರೋಹಿತರ ಬೆನ್ನಿನ ಮೇಲೆ. ಎಷ್ಟು ತಿಣುಕಿದರೂ ಆ ಹುಡುಗನ ಮುಖ ನೆನಪಿಗೆ ಬರಲಿಲ್ಲ.

"ನಗ್ತಿದ್ದ ಕಣವ್ವ. ನಿನ್ನೇ ನೋಡ್ಕಂಡು ನಗ್ತಿದ್ದ" ಎಂದೆ.

"ಇನ್ನೊಂದ್ಸಲ ಹೇಳಿ ಅಕ್ಕ" ಎಂದಳು.

ಇನ್ನೊಂದು ಸಲ ಹೇಳಿದೆ.