ಐದು ಗಂಟೆ ಬಸ್ಸಿನ ಗುಂಪು

ಕೇಳಿ ಮಾರಾಯ್ರೆ, ಆ್ಯಪ್ ವಿನ್ಯಾಸದ ಪ್ರಾಜೆಕ್ಟಿಗೆಂದು ನಾನು ಚೀಟಿ ಎತ್ತಿಸಿ ತರಗತಿಯನ್ನು ಗುಂಪು ಮಾಡಿದ್ದೆ. ವಿದ್ಯಾರ್ಥಿಗಳು ಅದನ್ನು ಸದ್ದಿಲ್ಲದೆ ಬದಿಗಿಟ್ಟು, ಯಾರು ಯಾವ ಬಸ್ಸಿಗೆ ಮನೆಗೆ ಹೋಗುತ್ತಾರೋ ಅದರ ಪ್ರಕಾರ ಗುಂಪಾಗಿದ್ದಾರೆ. ಇವತ್ತು ಐದು ಗಂಟೆಯ ಭದ್ರಾವತಿ ಬಸ್ಸಿನ ಗುಂಪು ಜಗಳವಾಡುತ್ತಲೇ ಸ್ಟಾಫ್ ರೂಮಿಗೆ ಬಂತು.

"ಸರ್, ಇವ್ರು ಮೀಟಿಂಗ್ ಮಾಡೋದು ಬಸ್ಸಲ್ಲಿ. ಮಲವಗೊಪ್ಪದಲ್ಲಿ ನಾನು ಇಳಿದ ಮೇಲೇ ಇವ್ರಿಗೆ ಐಡಿಯಾ ಬರೋದು," ಎಂದಳು ಶಾಹೀನ್.

"ಇವಳು ಎದ್ದ ಮೇಲೇ ಸರ್ ನಮಗೆ ಸೀಟು ಸಿಗೋದು. ನಿಂತ್ಕೊಂಡು ಹೆಂಗೆ ಯೋಚ್ನೆ ಮಾಡೋದು?" ಎಂದ ಲೀಡರ್ ಕಿರಣ.

"ನಿನ್ನ ಪಾಲಿನ ಕೆಲಸ ಏನಮ್ಮಾ?" ಎಂದೆ.

"ಸ್ವಾಗತದ ಪುಟ ಸರ್. ಅಷ್ಟರಲ್ಲಿ ನನ್ನ ಸ್ಟಾಪ್ ಬರುತ್ತೆ."

"ಗೈಡ್ ನಾನು. ಇವತ್ತೇ ಗುಂಪು ಬದಲಾಯಿಸ್ತೀನಿ," ಎಂದು ಗದರಿ ಅವರ ವರದಿ ತೆರೆದೆ. ಮಾರ್ಗದರ್ಶಕರು ಎಂಬಲ್ಲಿ ಕಂಡಕ್ಟರ್ ಹೆಸರಿತ್ತು.

"ಎಲ್ಲಾ ಮೀಟಿಂಗಲ್ಲೂ ಇದ್ದಿದ್ದು ಅವ್ರೊಬ್ರೇ ಸರ್," ಎಂದ ಕಿರಣ. ಶಾಹೀನ್ ಕೂಡ ಹೌದೆಂದು ತಲೆಯಾಡಿಸಿದಳು. ಈ ಗುಂಪಿನಲ್ಲಿ ಒಮ್ಮತ ಮೂಡಿದ್ದು ಅದೇ ಮೊದಲು.

ನನ್ನ ಹೆಸರೂ ಇತ್ತು, ಇಲ್ಲ ಎನ್ನಲಾರೆ. ಕೊನೆಯ ಪುಟದ ಕೃತಜ್ಞತೆಯಲ್ಲಿ, ಡ್ರೈವರ್ ಹೆಸರಿನ ಕೆಳಗೆ.