ಬಾಲ ಕತ್ತರಿಸಿದ ಗಂಟು

ಬೆಂಗ್ರೆಯ ದಮಯಂತಿ ನಮ್ಮ ವರ್ಕ್‌ಶಾಪಿಗೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಅಷ್ಟು ವರ್ಷಗಳಲ್ಲಿ ಅವಳು ಹೆದರಿದ್ದನ್ನು ನಾನು ನೋಡಿದ್ದು ಒಂದೇ ದಿನ. ಆ ದಿನ ನಾನು ಅವಳಿಗಿಂತ ಹೆಚ್ಚು ಹೆದರಿದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೊಡ್ಡ ಮನುಷ್ಯ ಎಂದು ತಿಳಿಯುವುದು ಬೇಡ.

ನಾನು ವಾಲ್ಟರ್, ತಪಾಸಣೆಯವನು. ಪಂಪ್‌ವೆಲ್ ಹಿಂದಿನ ಓಣಿಯಲ್ಲಿ ಗುಣಪಾಲ ಶೆಟ್ಟರ ವರ್ಕ್‌ಶಾಪಿನಿಂದ ಏನೇ ಹೊರಗೆ ಹೋಗುವುದಿದ್ದರೂ ಆಗ ನನ್ನ ಸಹಿ ಬೇಕಿತ್ತು. ಮೊದಲು ನಾವು ಮೀನುಗಾರಿಕೆ ಬೋಟುಗಳಿಗೆ ಬಲೆ ಎಳೆಯುವ ವಿಂಚ್ ಮಾಡುತ್ತಿದ್ದೆವು. ಆಮೇಲೆ ಶೆಟ್ಟರಿಗೆ ಹೊರರಾಜ್ಯದ ಒಂದು ಸಂಶೋಧನಾ ರಿಯಾಕ್ಟರಿನ ಉಪಕರಣಗಳ ಕೆಲಸ ಸಿಕ್ಕಿತು. ಬೋಟಿನ ಸಾಮಾನು ಮಾಡುವವರಿಗೆ ಇದೆಲ್ಲ ಯಾಕೆ ಎಂದು ನಾನು ಗೊಣಗಿದೆ. ದಮಯಂತಿ ಗೊಣಗಲಿಲ್ಲ. ಡಿಪ್ಲೊಮಾ ಓದಿದವಳು, ದಿನಾ ದೋಣಿಯಲ್ಲಿ ಹೊಳೆ ದಾಟಿ ಬಂದು, ಡಿಟೆಕ್ಟರ್ ಕೂರುವ ಪೀಠವನ್ನು ಆರು ತಿಂಗಳು ಕೂತು ವಿನ್ಯಾಸ ಮಾಡಿದಳು. ಅಲ್ಲಿನ ವಿಜ್ಞಾನಿಗಳು ಎರಡೇ ತಿದ್ದುಪಡಿ ಹಾಕಿ ವಾಪಸು ಕಳಿಸಿದರು. ಆ ದಿನದಿಂದ ನನ್ನ ಬಾಯಿ ಬಂದ್.

ಅವಳ ಈಚಿನ ವಿನ್ಯಾಸ ಒಂದು ಶಟರ್. ರಿಯಾಕ್ಟರಿನಿಂದ ಒಂದು ರಂಧ್ರದ ಮೂಲಕ ನ್ಯೂಟ್ರಾನುಗಳ ಧಾರೆ ಹೊರಗೆ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೈಗೆ ತಾಗಿದರೆ ತಿಳಿಯುವುದೂ ಇಲ್ಲ, ಆದರೆ ಒಳಗೊಳಗೇ ಮೈಯನ್ನು ಹಾಳು ಮಾಡುತ್ತದೆ. ಆ ರಂಧ್ರದ ಮುಂದೆ ಧಾರೆ ತಡೆಯುವ ಒಂದು ಭಾರದ ದಿಮ್ಮಿ, ಪೆಟ್ಟಿಗೆಯೊಂದರ ಒಳಗೆ ಎರಡು ಹಳಿಗಳ ನಡುವೆ ಏರಿಳಿಯುತ್ತದೆ. ಮೇಲೇರಿದರೆ ಧಾರೆ ಹೊರಗೆ, ಕೆಳಗಿಳಿದರೆ ಬಂದ್. ದಿಮ್ಮಿ ಪೂರಾ ಇಳಿದಾಗ ತಳದ ಸ್ವಿಚ್ ಒತ್ತಿ ಹೊರಗೆ ಹಸಿರು ದೀಪ ಉರಿಯುತ್ತದೆ. ಆ ದೀಪ ನೋಡಿ ಯಾರಾದರೂ ಧಾರೆಯ ಕೋಣೆಯ ಒಳಗೆ ಹೋಗಿ ಸ್ಯಾಂಪಲ್ ಬದಲಾಯಿಸುತ್ತಾರೆ. ಶಟರನ್ನು ಕಳಿಸಿ ನಾಲ್ಕು ತಿಂಗಳಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಅವಳು ಚಾ ಕುಡಿಯಲಿಕ್ಕೂ ಹೋಗದೆ ಸೀದಾ ನನ್ನ ಮೇಜಿಗೆ ಬಂದಳು.

"ಸರ್, ಶಟರಿನ ಒಳಗೆ ನನ್ನ ಒಂದು ಗಂಟು ಬಾಕಿ ಆಗಿದೆ."

"ಎಂತ ಗಂಟು ಮಾರಾಯ್ತಿ?"

"ಬಲೆಯ ನೂಲಿಂದು. ಸ್ವಿಚ್ಚಿನ ವೈರ್ ಹಿಡೀಲಿಕ್ಕೆ ಸ್ಟೀಲ್ ಕ್ಲಿಪ್ ಬಂದಿರಲಿಲ್ಲ ಅಲ್ವಾ? ಟೆಸ್ಟಿಗೆ ಅಂತ ನೈಲಾನಲ್ಲಿ ಕಟ್ಟಿದ್ದೆ. ಕ್ಲಿಪ್ ಬಂದ ಮೇಲೆ ಎಲ್ಲ ತೆಗೆದು ಕ್ಲಿಪ್ ಹಾಕಿದೆ. ಮೂಲೆದು ಒಂದು ತೆಗೀಲಿಲ್ಲ, ಅಲ್ಲಿಗೆ ಕ್ಲಿಪ್ಪೂ ಹಾಕ್ಲಿಲ್ಲ."

ಬ್ಯಾಗಿನಲ್ಲಿ ಬಲೆಯ ನೂಲಿನ ಉಂಡೆ ಇಟ್ಟುಕೊಂಡು ಕೆಲಸಕ್ಕೆ ಬರುವ ಡಿಸೈನರ್ ಮೀನುಗಾರರ ಊರು ಬೆಂಗ್ರೆಯವಳಲ್ಲದೆ ಬೇರೆ ಯಾರು? ಅವಳ ಅಪ್ಪ ಬೂಬಣ್ಣ ಬಲೆ ಕಟ್ಟಲು ಕಲಿಸುವಾಗ ಒಂದು ಕ್ರಮ ಹೇಳಿದ್ದರಂತೆ: ಬಿಚ್ಚಲಿಕ್ಕಿರುವ ಗಂಟಿಗೆ ಉದ್ದ ಬಾಲ ಬಿಡಬೇಕು, ಉಳಿಯಲಿಕ್ಕಿರುವ ಗಂಟಿನ ಬಾಲ ಕತ್ತರಿಸಬೇಕು. ಬಾಲ ಬಿಟ್ಟ ಗಂಟುಗಳನ್ನೆಲ್ಲ ಅವಳು ಹುಡುಕಿ ಬಿಚ್ಚಿದ್ದಳು. ಮೂಲೆಯದ್ದರ ಬಾಲವನ್ನು ಮಾತ್ರ ಕೈ ತನ್ನ ಅಭ್ಯಾಸಕ್ಕೆ ಕತ್ತರಿಸಿಬಿಟ್ಟಿತ್ತು. ಬಾಲವಿಲ್ಲದ ಗಂಟು ಕಣ್ಣಿಗೆ ಬೀಳಲಿಲ್ಲ. ಹಿಂದಿನ ದಿನ ಬೂಬಣ್ಣ ಮನೆಯ ಮಾಡಿನ ಮೇಲೆ ಬಿಸಿಲಿಗೆ ಬಿದ್ದಿದ್ದ ಹಳೆಯ ಬಲೆ ಎಳೆದಾಗ ನೂಲು ಅವರ ಕೈಯಲ್ಲಿ ಹಪ್ಪಳದ ಹಾಗೆ ಮುರಿಯಿತಂತೆ. ಅದನ್ನು ನೋಡಿದ್ದೇ ಅವಳಿಗೆ ನೆನಪಾಯಿತು, ರಾತ್ರಿ ಊಟ ಸೇರಲಿಲ್ಲ.

"ಬಿಸಿಲಿಗೇ ಹಾಗಾಗ್ತದೆ ಸರ್. ಆ ಧಾರೆಯ ಬುಡದಲ್ಲಿ ನೈಲಾನ್ ಎಷ್ಟು ದಿನ ನಿಲ್ತದೆ? ತುಂಡಾದ್ರೆ ವೈರ್ ಜೋತು ಹಳಿಗೆ ಬೀಳ್ತದೆ. ದಿಮ್ಮಿ ಅರ್ಧದಲ್ಲಿ ಸಿಕ್ಕಿಕೊಳ್ತದೆ. ವೈರ್ ಜಜ್ಜಿ ಒಳಗಿನ ತಂತಿ ಎರಡೂ ಒಂದಾದ್ರೆ, ಮುಚ್ಚದೆಯೂ ಹಸಿರು ದೀಪ ಉರೀತದೆ."

ನನಗೆ ಮೊದಲು ನೆನಪಾದದ್ದು ನನ್ನ ಸಹಿ. ಯಾಕೆಂದರೆ ತಪಾಸಣೆಯ ಹಾಳೆಯಲ್ಲಿ ಒಂದು ಸಾಲು ಉಂಟು: ಪೆಟ್ಟಿಗೆಯೊಳಗೆ ಕೆಲಸದ ಸಾಮಾನು ಏನೂ ಉಳಿದಿಲ್ಲ. ಕನ್ನಡಿ ಹಾಕಿ, ಟಾರ್ಚ್ ಬಿಟ್ಟು, ಮೂಲೆ ಮೂಲೆ ನೋಡಿದ ಮೇಲೆ ಅದರೆದುರು ಸಹಿ ಹಾಕಬೇಕು. ಶಟರಿಗೆ ಸಹಿ ಹಾಕಬೇಕಿದ್ದ ಸಂಜೆ ನನ್ನ ತಮ್ಮನ ಮಗಳು ಟಾನ್ಯಾಳ ಮದುವೆಗೆ ಮುಂಚಿನ ರೋಸ್ ಶಾಸ್ತ್ರ. ಮದುಮಗಳಿಗೆ ತೆಂಗಿನ ಹಾಲು ಹಚ್ಚಲು ದೊಡ್ಡಪ್ಪ ತಡವಾಗಿ ಹೋದರೆ ಆಗುತ್ತದೆಯೇ? ಕನ್ನಡಿ ಡ್ರಾಯರಿನಲ್ಲೇ ಇತ್ತು. ನಾನು ಸಹಿ ಹಾಕಿ ಓಡಿದ್ದೆ.

"ರಿಯಾಕ್ಟರಿನವರ ಕೈಯಲ್ಲಿ ಮೀಟರ್ ಉಂಟಲ್ಲ, ವಿಕಿರಣ ಇದ್ದರೆ ಕೂಗ್ತದೆ. ಸುಮ್ಮನಿರು. ಎರಡು ತಿಂಗಳಲ್ಲಿ ಸರ್ವೀಸಿಗೆ ಹೋಗ್ಲಿಕ್ಕೆ ಉಂಟು, ಆಗ ಮೆಲ್ಲ ತೆಗೆದ್ರಾಯ್ತು," ಎಂದೆ. ನನ್ನ ನಿವೃತ್ತಿಗೆ ಇದ್ದದ್ದು ಆರು ತಿಂಗಳು.

ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನನಗೆ ಹೆದರಿಕೆ ಆಗ್ತದೆ ಸರ್," ಎಂದಳು, ಮತ್ತೆ ಶೆಟ್ಟರ ಕೋಣೆಗೆ ನಡೆದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಾರೂ ಕರೆಯದಿದ್ದರೂ ನಾನು ಹಿಂದೆಯೇ ಹೋದೆ.

ಶೆಟ್ಟರು ಪೂರ್ತಿ ಕೇಳಿದರು. ಆಮೇಲೆ ಫೈಲು ತೆಗೆದು ನನ್ನ ಸಹಿಯ ಮೇಲೆ ಬೆರಳಿಟ್ಟರು.

"ಇಲ್ಲಿ ನೋಡು ದಮಯಂತಿ. ವಾಲ್ಟರ್ ನೋಡಿ ಸಹಿ ಹಾಕಿದ್ದಾರೆ. ಮೂವತ್ತು ವರ್ಷದಿಂದ ಇವರ ಕಣ್ಣು ತಪ್ಪಿದ್ದು ಇಲ್ಲ. ನೀನು ಗಂಟು ತೆಗೆದಿದ್ದೀ, ತೆಗೆದದ್ದು ಮರ್ತಿದ್ದೀ, ಅಷ್ಟೇ. ಇಂಥ ಮಾತಿಗೆ ರಿಯಾಕ್ಟರಿನವರಿಗೆ ಫೋನ್ ಮಾಡಿದ್ರೆ ನಾಳೆಯಿಂದ ನಮಗೆ ಕೆಲಸ ಉಂಟಾ?" ನನ್ನ ಕಡೆ ತಿರುಗಿದರು; ನಮ್ಮ ಊರಲ್ಲಿ ಕ್ರೈಸ್ತರನ್ನು ಪೊರ್ಬುಗಳು ಎನ್ನುವುದು. "ಹೌದಲ್ವಾ ಪೊರ್ಬುಗಳೇ? ನೋಡಿದ್ದೀರಲ್ಲ?"

ದಮಯಂತಿಯೂ ತಿರುಗಿದಳು. ಅವಳ ಕಣ್ಣಿನಲ್ಲಿ ಒಂದು ಆಸೆ ಇತ್ತು. ನಾನು ನಿಜಕ್ಕೂ ನೋಡಿದ್ದೇನೆ, ಗಂಟು ಅಲ್ಲಿಲ್ಲ, ಯಾರಿಗೂ ಏನೂ ಆಗುವುದಿಲ್ಲ ಎಂದು ನಾನು ಹೇಳಲಿ ಎಂಬ ಆಸೆ. ಹೌದು ಎನ್ನುವುದು ಎಷ್ಟು ಸುಲಭವಿತ್ತು! ನಾನು ಶೆಟ್ಟರ ಬೆರಳಿನಡಿಯ ನನ್ನ ಸಹಿಯನ್ನು ನೋಡಿದೆ.

"ಇಲ್ಲ ಶೆಟ್ರೇ," ಎಂದೆ. "ನೋಡಿಲ್ಲ. ನೋಡದೆ ಸಹಿ ಹಾಕಿದೆ."

ಶೆಟ್ಟರು ರಿಯಾಕ್ಟರಿನವರಿಗೆ ಫೋನ್ ಮಾಡಿ, ಶಟರ್ ಈಗ ಹೇಗುಂಟು ಎಂದು ಕೇಳಿದರು. ಸ್ಪೀಕರಿನಲ್ಲಿ ಆ ಕಡೆಯ ಎಂಜಿನಿಯರ್ ಹೇಳಿದ್ದು ಇಷ್ಟೇ: ಶಟರ್ ಈಗ ತಾನೇ ಇಳಿಸಿದ್ದೇವೆ, ದೀಪ ಹಸಿರು ಉಂಟು, ಒಬ್ಬಳು ವಿದ್ಯಾರ್ಥಿನಿ ಸ್ಯಾಂಪಲ್ ಹಿಡಿದು ಒಳಗೆ ಹೊರಟಿದ್ದಾಳೆ. "ನಿಲ್ಲಿಸಿ!" ಎಂದು ಶೆಟ್ಟರು ಕಿರುಚಿದರು. ಆ ಕಡೆ ಫೋನ್ ಮೇಜಿನ ಮೇಲೆ ಬಿದ್ದ ಸದ್ದು, ಓಡುವ ಕಾಲುಗಳ ಸದ್ದು, ಆಮೇಲೆ ಏನೂ ಇಲ್ಲ.

ಆರು ನಿಮಿಷ. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ದಮಯಂತಿ ನೆಲದ ಮೇಲೆ ಕುಳಿತುಬಿಟ್ಟಿದ್ದಳು. ಅವಳ ಬೆರಳುಗಳು ಸೆರಗಿನ ತುದಿಯಲ್ಲಿ ಗಂಟು ಹಾಕುತ್ತಿದ್ದವು, ಬಿಚ್ಚುತ್ತಿದ್ದವು. ನಾನು ಜಪಮಾಲೆಯ ಪ್ರಾರ್ಥನೆ ಶುರು ಮಾಡಿದೆ. ಹುಟ್ಟಿದಂದಿನಿಂದ ಹೇಳಿದ್ದು, ನಡುವೆ ಮರೆತುಹೋಯಿತು. ಆ ಹುಡುಗಿಯ ಮುಖ ನನಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಟಾನ್ಯಾಳ ಮುಖವೇ ಬರುತ್ತಿತ್ತು.

ಕೊನೆಗೆ ದನಿ ಬಂತು. ಹುಡುಗಿ ಬಾಗಿಲಲ್ಲೇ ಸಿಕ್ಕಿದಳು, ದಿಮ್ಮಿ ಪೂರಾ ಇಳಿದಿದೆ, ಮೀಟರಿನಲ್ಲಿ ಏನೂ ಇಲ್ಲ. ದಮಯಂತಿ ಜೋರಾಗಿ ಅತ್ತಳು.

ಎರಡು ದಿನ ಬಿಟ್ಟು ಅವರು ಪೆಟ್ಟಿಗೆ ತೆರೆದು ವೀಡಿಯೋ ಕಳಿಸಿದರು. ಮೂಲೆಯಲ್ಲಿ ಗಂಟು ಇತ್ತು, ಕಂದು ಬಣ್ಣಕ್ಕೆ ತಿರುಗಿತ್ತು. ಉದ್ದದ ಚಿಮಟದಿಂದ ಯಾರೋ ಮೆಲ್ಲ ಮುಟ್ಟಿದರು. ನೂಲು ಪುಡಿಯಾಯಿತು. ವೈರ್ ಜಾರಿ ಹಳಿಯ ಮೇಲೆ ಬಿತ್ತು.

ದಮಯಂತಿಗೆ ಒಂದು ಎಚ್ಚರಿಕೆಯ ಪತ್ರ ಸಿಕ್ಕಿತು, ಕೆಲಸ ಉಳಿಯಿತು. ನನ್ನ ಸಹಿ ಹೋಯಿತು. ಈಗ ಹಾಳೆಗೆ ಶೆಟ್ಟರೇ ಸಹಿ ಹಾಕುತ್ತಾರೆ, ನಾನು ಬರೀ ಕನ್ನಡಿ ಹಿಡಿಯುತ್ತೇನೆ. ಒಂದೊಂದು ಮೂಲೆಗೂ ಎರಡೆರಡು ಸಲ ಹಿಡಿಯುತ್ತೇನೆ.

ಕಳೆದ ಭಾನುವಾರ ದೋಣಿ ಹತ್ತಿ ಬೆಂಗ್ರೆಗೆ ಹೋಗಿದ್ದೆ. ಅಂಗಳದಲ್ಲಿ ಅಪ್ಪ ಮಗಳು ಬಲೆ ಹರಡಿ ಕುಳಿತಿದ್ದರು. ಬೂಬಣ್ಣ ನನ್ನನ್ನು ನೋಡಿದ್ದೇ ದೂರು ಶುರು ಮಾಡಿದರು.

"ಇವಳಿಗೆ ಎಂತ ಆಗಿದೆ ಪೊರ್ಬುಗಳೇ? ಒಂದು ಗಂಟಿನ ಬಾಲ ಸಹ ಕತ್ತರಿಸುವುದಿಲ್ಲ. ಬಲೆಯಾ ಇದು, ಗಡ್ಡವಾ? ನೀವಾದ್ರೂ ಕತ್ತರಿಸಿ ಕೊಡಿ."

ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. ದಮಯಂತಿ ಮುಂದಿನ ಗಂಟಿಗೂ ಉದ್ದ ಬಾಲ ಬಿಟ್ಟಳು. ನಾನು ಒಂದು ಗಂಟು ಹಿಡಿದು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಕತ್ತರಿಯನ್ನು ಮರಳಿನ ಮೇಲೆ ಇಟ್ಟೆ.